ನಿಯಮ ಬಾಯಿಪಾಠ ಆದರೂ ವರ್ಬ್ ಯಾಕೆ ತಪ್ಪುತ್ತದೆ?

ಪ್ರಶ್ನೆ: ಮೇಡಂ, ನಾನು ಕೋಲಾರ ಜಿಲ್ಲೆ ಶ್ರೀನಿವಾಸಪುರ ತಾಲ್ಲೂಕಿನವಳು. ಎಸ್‌ಎಸ್‌ಎಲ್‌ಸಿವರೆಗೆ ಕನ್ನಡ ಮಾಧ್ಯಮ, ಆಮೇಲೆ ಬಿ.ಎ. ಈಗ ಎಫ್‌ಡಿಎ, ಎಸ್‌ಡಿಎ ಪರೀಕ್ಷೆಗೆ ಓದುತ್ತಿದ್ದೇನೆ, ಕೇಂದ್ರ ಸರ್ಕಾರದ ಹುದ್ದೆಗಳ ಎಸ್‌ಎಸ್‌ಸಿ ಪರೀಕ್ಷೆಗೂ ಅರ್ಜಿ ಹಾಕುವ ಯೋಚನೆ ಇದೆ. ಇಂಗ್ಲಿಷ್‌ನಲ್ಲಿ ಸಬ್ಜೆಕ್ಟ್-ವರ್ಬ್ ಅಗ್ರಿಮೆಂಟ್ ಪ್ರಶ್ನೆ ಬಂದರೆ ಕೈಕಾಲು ಆಡುವುದಿಲ್ಲ. ಗೈಡ್‌ನಲ್ಲಿದ್ದ ನಿಯಮಗಳನ್ನೆಲ್ಲ ಬಾಯಿಪಾಠ ಮಾಡಿದ್ದೇನೆ. ಆದರೂ ಮಾಕ್ ಟೆಸ್ಟ್‌ನಲ್ಲಿ ತಪ್ಪುತ್ತಲೇ ಇದೆ. ಅದರಲ್ಲೂ 'ಒನ್ ಆಫ್ ದಿ' ಬಂದರೆ ಒಂದು ಕಡೆ ಏಕವಚನ ಸರಿ ಅಂತಾರೆ, ಇನ್ನೊಂದು ಕಡೆ ಬಹುವಚನ ಸರಿ ಅಂತಾರೆ. ಇದನ್ನು ಓದುವ ಕ್ರಮ ಹೇಗೆ?

ಉತ್ತರ: ಮೊದಲು ಒಂದು ಮಾತು. ನೀವು ಇಂಗ್ಲಿಷ್‌ನಲ್ಲಿ ವೀಕ್ ಅಂತ ಅಂದುಕೊಳ್ಳಬೇಡಿ. ಕೋಲಾರದಲ್ಲಿ ಇಂಥ ಪರೀಕ್ಷೆಗಳಿಗೆ ಓದುವವರಿಗೆ ನಾನು ಇಂಗ್ಲಿಷ್ ಹೇಳಿಕೊಡುತ್ತೇನೆ. ಕನ್ನಡ ಮಾಧ್ಯಮದಿಂದ ಬಂದವರು ಈ ಪಾಠದಲ್ಲಿ ಎಡವುವ ಜಾಗಗಳು ಹೆಚ್ಚುಕಮ್ಮಿ ಒಂದೇ. 'ಹಿ ಗೋ' ಅನ್ನೋದಕ್ಕೆ ಯಾರೂ ಟಿಕ್ ಹಾಕುವುದಿಲ್ಲ. ಏಕವಚನದ ಸಬ್ಜೆಕ್ಟ್‌ಗೆ ಏಕವಚನದ ವರ್ಬ್ ಬೇಕು ಅನ್ನೋದು ಎಲ್ಲರಿಗೂ ಗೊತ್ತು. ತಪ್ಪುವುದು ಅದಕ್ಕಿಂತ ಒಂದು ಹೆಜ್ಜೆ ಹಿಂದೆ, ಸಬ್ಜೆಕ್ಟ್ ಯಾವುದು ಅಂತ ಹುಡುಕುವಾಗ.

ಈ ವಾಕ್ಯ ನೋಡಿ: 'ದಿ ಪ್ರೈಸ್ ಆಫ್ ಟೊಮೆಟೋಸ್ ಇನ್ ದಿ ಮಾರ್ಕೆಟ್ಸ್ ಆಫ್ ಕೋಲಾರ್ ಅಂಡ್ ಚಿಂತಾಮಣಿ ___ ಫಾಲನ್.' ಖಾಲಿ ಜಾಗಕ್ಕೆ 'ಹ್ಯಾಸ್' ಬೇಕೋ 'ಹ್ಯಾವ್' ಬೇಕೋ? ಟೊಮೆಟೋಸ್, ಮಾರ್ಕೆಟ್ಸ್, ಎರಡೆರಡು ಊರು. ಇಷ್ಟೆಲ್ಲ ಬಹುವಚನ ಕಣ್ಣಿಗೆ ಬಿದ್ದಮೇಲೆ ಕೈ ತಾನಾಗಿಯೇ 'ಹ್ಯಾವ್' ಕಡೆ ಹೋಗುತ್ತದೆ. ಈಗ ಇದನ್ನೇ ಕನ್ನಡದಲ್ಲಿ ಹೇಳಿ: 'ಕೋಲಾರ, ಚಿಂತಾಮಣಿ ಮಂಡಿಗಳಲ್ಲಿ ಟೊಮೆಟೊ ಬೆಲೆ ಬಿದ್ದಿದೆ.' ಬಿದ್ದದ್ದು ಏನು? ಬೆಲೆ. ಅದು ಒಂದೇ. ಹಾಗಾಗಿ 'ಹ್ಯಾಸ್'.

ಇಲ್ಲಿ ಏನಾಯಿತು ಅಂತ ಸ್ವಲ್ಪ ಗಮನಿಸಿ. ಕನ್ನಡದಲ್ಲಿ ವಿವರಣೆಯೆಲ್ಲ ಮೊದಲು ಬರುತ್ತದೆ. ಯಾವ ಊರು, ಯಾವ ಮಂಡಿ, ಏನರ ಬೆಲೆ ಅನ್ನೋದೆಲ್ಲ ಮುಗಿದಮೇಲೆ ಮುಖ್ಯವಾದ ಪದ ಬರುತ್ತದೆ, ಅದರ ಬೆನ್ನಿಗೇ ಕ್ರಿಯಾಪದ. ಅವೆರಡೂ ಅಕ್ಕಪಕ್ಕ ಇರುವುದರಿಂದ ನಮಗೆ ಹುಡುಕುವ ಕೆಲಸವೇ ಇಲ್ಲ. ಇಂಗ್ಲಿಷ್‌ನಲ್ಲಿ ಉಲ್ಟಾ. ಮುಖ್ಯ ಪದ ಮೊದಲೇ ಬಂದುಬಿಡುತ್ತದೆ, ವಿವರಣೆ ಆಮೇಲೆ ಬಾಲದ ಹಾಗೆ ಬೆಳೆಯುತ್ತದೆ, ವರ್ಬ್ ಎಲ್ಲೋ ದೂರದಲ್ಲಿ ಸಿಗುತ್ತದೆ. ವರ್ಬ್ ಪಕ್ಕದ ಪದವನ್ನೇ ಸಬ್ಜೆಕ್ಟ್ ಅಂದುಕೊಳ್ಳುವುದು ನಮ್ಮ ಭಾಷೆ ನಮಗೆ ಕಲಿಸಿರುವ ಅಭ್ಯಾಸ. ಶ್ರೀನಿವಾಸಪುರ, ಮುಳಬಾಗಿಲು ಕಡೆ ಎಷ್ಟೋ ಮನೆಗಳಲ್ಲಿ ತೆಲುಗು ಮಾತಾಡುತ್ತಾರೆ. ತೆಲುಗಿನ ಕ್ರಮವೂ ಇದೇ. ಪ್ರಶ್ನೆಪತ್ರಿಕೆ ಮಾಡುವವರು ಸಬ್ಜೆಕ್ಟ್‌ಗೂ ವರ್ಬ್‌ಗೂ ನಡುವೆ ಬೇಕಂತಲೇ ನಾಲ್ಕು ಪದ ತುರುಕುತ್ತಾರೆ. ಎಡವುವ ಜಾಗ ಅದೇ.

ಹಾಗಾಗಿ ನಾನು ಹೇಳುವ ಮೊದಲ ಕೆಲಸ ಇಷ್ಟು: ವರ್ಬ್ ಹಿಡಿದುಕೊಂಡು 'ಏನು?' ಅಥವಾ 'ಯಾರು?' ಅಂತ ಕನ್ನಡದಲ್ಲೇ ಕೇಳಿ. ಸಬ್ಜೆಕ್ಟ್ ಹುಡುಕುವುದಕ್ಕೆ ಕನ್ನಡದಷ್ಟು ಒಳ್ಳೆಯ ಸಾಧನ ಇನ್ನೊಂದಿಲ್ಲ.

ಆದರೆ ಆ ಸಬ್ಜೆಕ್ಟ್ ಒಂದೋ ಹಲವೋ ಅಂತ ಎಣಿಸುವಾಗ ಮಾತ್ರ ಕನ್ನಡ ಬಿಟ್ಟು ಇಂಗ್ಲಿಷ್‌ಗೆ ಬರಬೇಕು. ಇದು ತುಂಬಾ ಮುಖ್ಯ. ನಾವು 'ಮಂಡಿಗೆ ಇನ್ನೂರು ಬಾಕ್ಸ್ ಬಂತು' ಅಂತೀವಿ. 'ಇನ್ನೂರು ಬಾಕ್ಸ್‌ಗಳು ಬಂದವು' ಅಂತ ಮಂಡಿಯಲ್ಲಿ ಯಾರೂ ಹೇಳುವುದಿಲ್ಲ. ಸಂಖ್ಯೆಯೇ ಎಷ್ಟು ಅಂತ ಹೇಳಿಬಿಟ್ಟ ಮೇಲೆ 'ಗಳು' ಯಾಕೆ, ಅಲ್ವಾ? ಇಂಗ್ಲಿಷ್ ಅದನ್ನು ಒಪ್ಪುವುದಿಲ್ಲ. 'ಟೂ ಹಂಡ್ರೆಡ್ ಬಾಕ್ಸಸ್ ಹ್ಯಾವ್ ಅರೈವ್ಡ್' ಅಂತಲೇ ಬೇಕು. ಇನ್ನೊಂದು ಕಡೆ, ಒಬ್ಬರೇ ಇದ್ದರೂ ಮರ್ಯಾದೆಗೆ ನಾವು ಬಹುವಚನ ಹಚ್ಚುತ್ತೇವೆ: 'ಅಪ್ಪ ಬಂದಿದ್ದಾರೆ', 'ಹೆಡ್‌ಮಾಸ್ಟರ್ ಹೇಳಿದ್ದಾರೆ'. ಅದೇ ಗುಂಗಿನಲ್ಲಿ 'ಮೈ ಫಾದರ್ ಹ್ಯಾವ್ ಕಮ್' ಅಂತ ಬರೆದುಬಿಡುತ್ತಾರೆ. ಇಂಗ್ಲಿಷ್ ವರ್ಬ್‌ನಲ್ಲಿ ಮರ್ಯಾದೆಯ ರೂಪ ಇಲ್ಲ. ಒಬ್ಬರು ಅಂದರೆ ಏಕವಚನ, ಅವರು ರಾಷ್ಟ್ರಪತಿ ಆದರೂ ಸರಿ.

ಇಂಗ್ಲಿಷ್ ವರ್ಬ್ ಬದಲಾಗುವ ಜಾಗಗಳೂ ಕಡಿಮೆ. ಕನ್ನಡದಲ್ಲಿ ಬಂದನು, ಬಂದಳು, ಬಂದಿತು, ಬಂದರು ಅಂತ ಎಷ್ಟು ರೂಪ ಇವೆ ನೋಡಿ. ಇಂಗ್ಲಿಷ್‌ನಲ್ಲಿ ಎಲ್ಲದಕ್ಕೂ ಒಂದೇ 'ಕೇಮ್'. ಭೂತಕಾಲದಲ್ಲಿ 'ವಾಸ್', 'ವರ್' ಎರಡು ಬಿಟ್ಟರೆ ಯಾವುದೂ ಬದಲಾಗುವುದಿಲ್ಲ. 'ವಿಲ್', 'ಕ್ಯಾನ್', 'ಮಸ್ಟ್' ಕೂಡ ಹಾಗೆಯೇ. ಉಳಿಯುವುದು ಆಮ್-ಇಸ್-ಆರ್, ಹ್ಯಾಸ್-ಹ್ಯಾವ್, ಡಸ್-ಡು, ಮತ್ತು ವರ್ತಮಾನದಲ್ಲಿ ವರ್ಬ್ ಕೊನೆಗೆ ಸೇರುವ 'ಎಸ್'. ಆ 'ಎಸ್' ನಾಮಪದಕ್ಕೆ ಸೇರಿದರೆ ಬಹುವಚನ, ವರ್ಬ್‌ಗೆ ಸೇರಿದರೆ ಏಕವಚನ. ಆಪ್ಷನ್‌ಗಳಲ್ಲಿ ಈ ಜೋಡಿಗಳಲ್ಲಿ ಒಂದು ಕಂಡರೆ, ಪ್ರಶ್ನೆ ಅಗ್ರಿಮೆಂಟ್ ಮೇಲೇ ಇರಬಹುದು ಅಂತ ಅನುಮಾನ ಪಡಿ. ಎಸ್‌ಎಸ್‌ಸಿ ಪದವೀಧರರಿಗೆ ನಡೆಸುವ ಸಿಜಿಎಲ್ ಪರೀಕ್ಷೆಯ ಮೊದಲ ಹಂತದಲ್ಲಿ ಇಂಗ್ಲಿಷ್‌ಗೆ 25 ಪ್ರಶ್ನೆ, 50 ಅಂಕ, ಒಂದು ತಪ್ಪಿಗೆ ಅರ್ಧ ಅಂಕ ಕಟ್. ಅಲ್ಲಿ 'ಅಗ್ರಿಮೆಂಟ್' ಅಂತ ತಲೆಬರಹ ಹಾಕಿ ಯಾರೂ ಕೇಳುವುದಿಲ್ಲ. ತಪ್ಪು ಹುಡುಕಿ, ವಾಕ್ಯ ಸರಿಪಡಿಸಿ, ಖಾಲಿ ಜಾಗ ತುಂಬಿ ಅನ್ನುವ ಹೆಸರಲ್ಲಿ ಬರುತ್ತದೆ.

'ಅಲಾಂಗ್ ವಿತ್' ಬಗ್ಗೆ ಗೈಡ್‌ಗಳಲ್ಲಿ ಓದಿರುತ್ತೀರಿ. 'ದಿ ತಹಶೀಲ್ದಾರ್, ಅಲಾಂಗ್ ವಿತ್ ಹಿಸ್ ಕ್ಲರ್ಕ್ಸ್, ಹ್ಯಾಸ್ ರೀಚ್ಡ್ ಮಾಲೂರು.' ಕನ್ನಡದಲ್ಲಿ 'ಗುಮಾಸ್ತರ ಜೊತೆ ತಹಶೀಲ್ದಾರರು ಬಂದಿದ್ದಾರೆ'. ಬಂದವರು ಯಾರು? ತಹಶೀಲ್ದಾರರು. ಗುಮಾಸ್ತರು ಜೊತೆಗಿದ್ದವರು, ಅಷ್ಟೇ. ಆ 'ಬಂದಿದ್ದಾರೆ' ಮರ್ಯಾದೆಯ ಬಹುವಚನ, ಅದಕ್ಕೆ ಮೋಸ ಹೋಗಬೇಡಿ. 'ಆಸ್ ವೆಲ್ ಆಸ್', 'ಟುಗೆದರ್ ವಿತ್', 'ಇನ್ ಅಡಿಷನ್ ಟು', 'ಇನ್‌ಕ್ಲೂಡಿಂಗ್' ಎಲ್ಲಕ್ಕೂ ಇದೇ ಲೆಕ್ಕ. ಎರಡು ಕಾಮಾ ನಡುವಿನ ಭಾಗವನ್ನು ಬೆರಳಿನಿಂದ ಮುಚ್ಚಿ ಓದಿ. ಇಬ್ಬರನ್ನು ಸಮವಾಗಿ ಕೂಡಿಸಿ ಬಹುವಚನ ಮಾಡುವ ಶಕ್ತಿ ಇರುವುದು 'ಅಂಡ್'ಗೆ.

ಈಗ 'ಆಫ್'ಗೆ ಬರೋಣ. ಅತಿ ಜಾಸ್ತಿ ಗೊಂದಲ ಇರುವುದು ಇಲ್ಲೇ. 'ಆಫ್ ಬಂದರೆ ಅದರ ಹಿಂದಿನ ಪದ ನೋಡಿ' ಅಂತ ಒಂದು ನಿಯಮ ಕಲಿಸುತ್ತಾರೆ. ಅದು ಅರ್ಧ ಸತ್ಯ. 'ದಿ ಲಿಸ್ಟ್ ಆಫ್ ಕ್ಯಾಂಡಿಡೇಟ್ಸ್ ಇಸ್ ರೆಡಿ', 'ಎ ಬಾಕ್ಸ್ ಆಫ್ ಗ್ರೇಪ್ಸ್ ಇಸ್ ಮಿಸಿಂಗ್' ಇಂಥ ಕಡೆ ಅದು ಸರಿ. ಪಟ್ಟಿ, ಬಾಕ್ಸ್ ಒಂದೊಂದೇ. ಆದರೆ 'ಮೋಸ್ಟ್ ಆಫ್', 'ಹಾಫ್ ಆಫ್', 'ಟೂ-ತರ್ಡ್ಸ್ ಆಫ್', 'ಸಮ್ ಆಫ್', 'ಎ ಲಾಟ್ ಆಫ್', 'ಫಾರ್ಟಿ ಪರ್ಸೆಂಟ್ ಆಫ್' ಇವು ಅಳತೆಯ ಪದಗಳು. ಅಳತೆಗೆ ತನ್ನದೇ ವಚನ ಇರುವುದಿಲ್ಲ, ಯಾವುದನ್ನು ಅಳೆಯುತ್ತಿದ್ದೇವೋ ಅದರ ವಚನವೇ ಅದರದು. ಅದಕ್ಕೇ 'ಟೂ-ತರ್ಡ್ಸ್ ಆಫ್ ದಿ ಲ್ಯಾಂಡ್ ಇಸ್ ಡ್ರೈ', ಆದರೆ 'ಟೂ-ತರ್ಡ್ಸ್ ಆಫ್ ದಿ ಫಾರ್ಮರ್ಸ್ ಆರ್ ಹಿಯರ್'. ಇಲ್ಲಿ 'ಆಫ್' ಆದಮೇಲಿನ ಪದವನ್ನೇ ನೋಡಬೇಕು. ಗೈಡ್‌ನಲ್ಲಿ ಒಂದನ್ನು 3ನೇ ನಿಯಮ, ಇನ್ನೊಂದನ್ನು 17ನೇ ನಿಯಮ ಅಂತ ಹಾಕಿಬಿಟ್ಟರೆ ಓದುವವರಿಗೆ ಅವೆರಡೂ ಜಗಳ ಆಡಿದ ಹಾಗೆ ಕಾಣುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟು ಓದಿದರೆ ಜಗಳವೇ ಇಲ್ಲ.

'ಎ ನಂಬರ್ ಆಫ್', 'ದಿ ನಂಬರ್ ಆಫ್' ಜೋಡಿಯನ್ನು ಕನ್ನಡಕ್ಕೆ ತಂದರೆ ತಾನೇ ಬಿಡಿಸಿಕೊಳ್ಳುತ್ತದೆ. ಮೊದಲನೆಯದು 'ಹಲವು ಅಭ್ಯರ್ಥಿಗಳು ಬಂದಿದ್ದಾರೆ'. ಬಂದವರು ಅಭ್ಯರ್ಥಿಗಳು, ಬಹುವಚನ. ಎರಡನೆಯದು 'ಅಭ್ಯರ್ಥಿಗಳ ಸಂಖ್ಯೆ ಏರಿದೆ'. ಏರಿದ್ದು ಸಂಖ್ಯೆ, ಏಕವಚನ. ಇದನ್ನು ಬಾಯಿಪಾಠ ಮಾಡುವ ಅಗತ್ಯವೇ ಇಲ್ಲ.

ಇನ್ನು ನಿಮ್ಮ 'ಒನ್ ಆಫ್ ದಿ'. ನಿಮಗೆ ಹೇಳಿದ ಎರಡೂ ಸರಿ, ಆದರೆ ಅವು ಎರಡು ಬೇರೆ ವರ್ಬ್‌ಗಳ ಬಗ್ಗೆ ಹೇಳಿದ ಮಾತು. 'ಒನ್ ಆಫ್ ದಿ ಗ್ರೇಟ್ ಕನ್ನಡ ರೈಟರ್ಸ್ ವಾಸ್ ಬಾರ್ನ್ ಇನ್ ಮುಳಬಾಗಿಲು.' ಹುಟ್ಟಿದವರು ಯಾರು? ಒಬ್ಬರು, ಡಿವಿಜಿ. ಹಾಗಾಗಿ 'ವಾಸ್'. 'ರೈಟರ್ಸ್' ಅನ್ನೋ ಬಹುವಚನ ಅಲ್ಲಿ ಇರಲೇಬೇಕು, 'ಒನ್ ಆಫ್ ದಿ ರೈಟರ್' ಅಂತ ಬರೆದರೆ ಅದೂ ತಪ್ಪು. ತಪ್ಪು ಹುಡುಕುವ ಪ್ರಶ್ನೆಯಲ್ಲಿ ಅದನ್ನೂ ಇಟ್ಟಿರುತ್ತಾರೆ.

ಈಗ ನಡುವೆ 'ಹೂ' ಬರಲಿ. 'ಮಾಸ್ತಿ ಇಸ್ ಒನ್ ಆಫ್ ದಿ ಕನ್ನಡ ರೈಟರ್ಸ್ ಹೂ ಹ್ಯಾವ್ ವನ್ ದಿ ಜ್ಞಾನಪೀಠ.' ಇಲ್ಲಿ ವರ್ಬ್ ಎರಡು, 'ಇಸ್' ಮತ್ತು 'ಹ್ಯಾವ್'. ಕನ್ನಡದಲ್ಲಿ: 'ಜ್ಞಾನಪೀಠ ಪಡೆದ ಕನ್ನಡ ಸಾಹಿತಿಗಳಲ್ಲಿ ಮಾಸ್ತಿ ಒಬ್ಬರು.' 'ಜ್ಞಾನಪೀಠ ಪಡೆದ' ಅನ್ನೋದು ಯಾವ ಪದಕ್ಕೆ ಅಂಟಿಕೊಂಡಿದೆ? 'ಸಾಹಿತಿಗಳು' ಅನ್ನೋದಕ್ಕೆ. ಅವರು 8 ಮಂದಿ. ಅದಕ್ಕೇ 'ಹೂ' ಆದಮೇಲೆ 'ಹ್ಯಾವ್'. ಮಾಸ್ತಿ ಒಬ್ಬರಾದ್ದರಿಂದ ಮೊದಲ ವರ್ಬ್ 'ಇಸ್'. ಹೂ, ವಿಚ್, ದಟ್ ಬಂದಾಗಲೆಲ್ಲ ಹೀಗೆ ಅವು ಯಾವ ಪದಕ್ಕೆ ಅಂಟಿವೆ ಅಂತ ನೋಡಿ.

ಇದಕ್ಕೊಂದು ತಿರುವು ಇದೆ. 'ಮಾಸ್ತಿ ಇಸ್ ದಿ ಓನ್ಲಿ ಒನ್ ಆಫ್ ದೋಸ್ ಏಟ್ ರೈಟರ್ಸ್ ಹೂ ವಾಸ್ ಬಾರ್ನ್ ಇನ್ ಕೋಲಾರ್ ಡಿಸ್ಟ್ರಿಕ್ಟ್.' ಆ ಎಂಟು ಜನರಲ್ಲಿ ನಮ್ಮ ಜಿಲ್ಲೆಯಲ್ಲಿ ಹುಟ್ಟಿದವರು ಮಾಸ್ತಿ ಒಬ್ಬರೇ. ಕೋಲಾರದಲ್ಲಿ ಹುಟ್ಟಿದ್ದು ಎಂಟೂ ಜನ ಅಂತ ಬರೆದರೆ ಸುಳ್ಳಾಗುತ್ತದೆ. ಹಾಗಾಗಿ 'ದಿ ಓನ್ಲಿ ಒನ್' ಬಂದರೆ 'ಹೂ' ಆ ಒಬ್ಬರಿಗೇ ಅಂಟುತ್ತದೆ, ವರ್ಬ್ ಏಕವಚನ. ಅರ್ಥ ಹಿಡಿದರೆ ಉತ್ತರ ಸಿಗುತ್ತದೆ ಅನ್ನುವುದಕ್ಕೆ ನಾನು ಕ್ಲಾಸಿನಲ್ಲಿ ಯಾವಾಗಲೂ ಈ ಜೋಡಿಯನ್ನೇ ಕೊಡುತ್ತೇನೆ.

ಈಚ್, ಎವ್ರಿ, ಎವ್ರಿವನ್, ನೋಬಡಿ ಇವೆಲ್ಲ ಏಕವಚನ. 'ಈಚ್ ಆಫ್ ದಿ ಗರ್ಲ್ಸ್ ಹ್ಯಾಸ್', 'ಎವ್ರಿ ಬಾಯ್ ಅಂಡ್ ಎವ್ರಿ ಗರ್ಲ್ ವಾಸ್'. 'ಮೆನಿ ಎ ಫಾರ್ಮರ್ ಹ್ಯಾಸ್', 'ಮೋರ್ ದ್ಯಾನ್ ಒನ್ ಸ್ಟೂಡೆಂಟ್ ಹ್ಯಾಸ್'. ಇಲ್ಲಿ ತಲೆ ಕೆಡಿಸಿಕೊಳ್ಳಬೇಡಿ, ಸುಮ್ನೆ ನೆನಪಿಟ್ಟುಕೊಳ್ಳಿ.

'ಐದರ್-ಆರ್', 'ನೈದರ್-ನಾರ್' ವಿಷಯದಲ್ಲಿ ಕನ್ನಡ ಕೈಕೊಡುತ್ತದೆ. 'ಡ್ರೈವರ್ ಆಗಲಿ ಪ್ರಯಾಣಿಕರಾಗಲಿ ಬಂದಿಲ್ಲ' ಅಂತೀವಿ. ಆ 'ಬಂದಿಲ್ಲ' ಒಬ್ಬರಿಗೂ ಅದೇ, ನೂರು ಜನಕ್ಕೂ ಅದೇ. ಸುಳಿವೇ ಸಿಗುವುದಿಲ್ಲ. ಇಲ್ಲಿ ಇಂಗ್ಲಿಷ್ ವರ್ಬ್‌ಗೆ ಹತ್ತಿರ ಇರುವವರ ಮಾತು ನಡೆಯುತ್ತದೆ. 'ನೈದರ್ ದಿ ಡ್ರೈವರ್ ನಾರ್ ದಿ ಪ್ಯಾಸೆಂಜರ್ಸ್ ವರ್ ಹರ್ಟ್'. ತಿರುಗಿಸಿದರೆ 'ನೈದರ್ ದಿ ಪ್ಯಾಸೆಂಜರ್ಸ್ ನಾರ್ ದಿ ಡ್ರೈವರ್ ವಾಸ್ ಹರ್ಟ್'. 'ನೈದರ್ ಹಿ ನಾರ್ ಐ ಆಮ್'. 'ನಾಟ್ ಓನ್ಲಿ-ಬಟ್ ಆಲ್ಸೋ'ಗೂ ಇದೇ. ಆದರೆ 'ನೈದರ್ ಆಫ್ ದಿ ಬಸಸ್' ಬೇರೆ ಜಾತಿ. ಅಲ್ಲಿ 'ನಾರ್' ಇಲ್ಲ, 'ಆಫ್' ಇದೆ. ಪರೀಕ್ಷೆಯಲ್ಲಿ ಅದಕ್ಕೆ ಏಕವಚನವನ್ನೇ ಆರಿಸಿ.

ವಾಕ್ಯ ತಿರುಗುಮುರುಗಾದಾಗ ಕನ್ನಡ ಮತ್ತೆ ಸಹಾಯಕ್ಕೆ ಬರುತ್ತದೆ. 'ಬಿಹೈಂಡ್ ದೋಸ್ ರಾಕ್ಸ್ ___ ಎ ಸ್ಮಾಲ್ ಪಾಂಡ್.' ಅಂತರಗಂಗೆ ಬೆಟ್ಟ ಕಣ್ಣಮುಂದೆ ಇಟ್ಟುಕೊಂಡು ಹೇಳಿ: 'ಆ ಬಂಡೆಗಳ ಹಿಂದೆ ಒಂದು ಪುಟ್ಟ ಕೊಳ ಇದೆ.' ಇರೋದು ಕೊಳ. 'ಲೈಸ್' ಸರಿ, 'ಲೈ' ತಪ್ಪು. 'ದೇರ್ ಇಸ್', 'ದೇರ್ ಆರ್' ಬಂದಾಗಲೂ ವರ್ಬ್ ಆದಮೇಲೆ ಏನಿದೆ ಅಂತ ನೋಡಿದರೆ ಸಾಕು.

ಕೆಲವು ಪದಗಳಿಗೆ ಯಾವ ಉಪಾಯವೂ ಇಲ್ಲ, ಬಾಯಿಪಾಠವೇ ಗತಿ. ನ್ಯೂಸ್, ಮ್ಯಾಥಮ್ಯಾಟಿಕ್ಸ್, ಫಿಸಿಕ್ಸ್, ಎಕನಾಮಿಕ್ಸ್, ಮೀಸಲ್ಸ್ ಕೊನೆಯಲ್ಲಿ 'ಎಸ್' ಇದ್ದರೂ ಏಕವಚನ. ಫರ್ನಿಚರ್, ಲಗೇಜ್, ಇನ್ಫರ್ಮೇಷನ್, ಅಡ್ವೈಸ್, ಎಕ್ವಿಪ್‌ಮೆಂಟ್ ಕೂಡ ಏಕವಚನ, ಅವಕ್ಕೆ 'ಎಸ್' ಹಚ್ಚುವ ಹಾಗೇ ಇಲ್ಲ. ಸಿಸರ್ಸ್, ಟ್ರೌಸರ್ಸ್ ಬಹುವಚನ, ಆದರೆ 'ಎ ಪೇರ್ ಆಫ್ ಸಿಸರ್ಸ್' ಅಂದ ಕೂಡಲೇ ಏಕವಚನ. ಪೊಲೀಸ್, ಪೀಪಲ್, ಕ್ಯಾಟಲ್ ಯಾವಾಗಲೂ ಬಹುವಚನ. ನಾವು 'ಒಬ್ಬ ಪೊಲೀಸ್ ಬಂದ' ಅಂತೀವಲ್ಲ, ಇಂಗ್ಲಿಷ್‌ನಲ್ಲಿ ಆ ಒಬ್ಬನಿಗೆ 'ಪೊಲೀಸ್‌ಮನ್' ಅನ್ನಬೇಕು. ದುಡ್ಡು, ದೂರ, ಕಾಲದ ಮೊತ್ತ ಮಾತ್ರ ನಮ್ಮ ರೂಢಿಯ ಹಾಗೇ ನಡೆಯುತ್ತದೆ: 'ಟೆನ್ ಥೌಸಂಡ್ ರುಪೀಸ್ ಇಸ್ ಎನಫ್', 'ಸೆವೆಂಟಿ ಕಿಲೋಮೀಟರ್ಸ್ ಇಸ್ ನಾಟ್ ಎ ಲಾಂಗ್ ಡಿಸ್ಟೆನ್ಸ್'.

ವಿದ್ವಾಂಸರೇ ಒಂದಾಗದ ಜಾಗಗಳೂ ಇವೆ. ಟೀಮ್, ಕಮಿಟಿ ಥರದ ಗುಂಪಿನ ಪದಗಳಿಗೆ ಅಮೆರಿಕದವರು ಸಾಮಾನ್ಯವಾಗಿ ಏಕವಚನ ಬಳಸುತ್ತಾರೆ. ಬ್ರಿಟಿಷರು ಬಹುವಚನವನ್ನೂ ಧಾರಾಳವಾಗಿ ಬಳಸುತ್ತಾರೆ. ಹೊರಗೆ ಎರಡೂ ನಡೆಯುತ್ತದೆ. ಪರೀಕ್ಷೆಯಲ್ಲಿ ವಾಕ್ಯದ ಒಳಗೇ ಸುಳಿವು ಹುಡುಕಿ. 'ಇಟ್ಸ್ ರಿಪೋರ್ಟ್' ಅಂತಿದ್ದರೆ ಕಮಿಟಿ ಒಂದಾಗಿ ಕೆಲಸ ಮಾಡಿದೆ, 'ಹ್ಯಾಸ್'. 'ಡಿವೈಡೆಡ್ ಇನ್ ದೇರ್ ಒಪಿನಿಯನ್' ಅಂತಿದ್ದರೆ ಸದಸ್ಯರು ಬೇರೆಬೇರೆಯಾಗಿದ್ದಾರೆ, 'ವರ್'. 'ನನ್ ಆಫ್ ದಿ ಸ್ಟೂಡೆಂಟ್ಸ್' ಅಂದಾಗಲೂ ಎರಡು ವಚನ ಒಪ್ಪಿತವೇ. ಹಾಗಾಗಿ ತಪ್ಪು ಹುಡುಕುವ ಪ್ರಶ್ನೆಯಲ್ಲಿ 'ನನ್' ಕಂಡ ಕೂಡಲೇ ಅದಕ್ಕೇ ಗುರುತು ಹಾಕಬೇಡಿ, ತಪ್ಪು ಬೇರೆ ಕಡೆ ಇದೆಯಾ ಅಂತ ಮೊದಲು ನೋಡಿ.

'ದಿ ಸೆಕ್ರೆಟರಿ ಅಂಡ್ ಟ್ರೆಷರರ್ ಇಸ್' ಅನ್ನೋದು ಕನ್ನಡದಲ್ಲಿ ಹಿಡಿಯಲು ಬಾರದ ಇನ್ನೊಂದು. ನಮ್ಮಲ್ಲಿ 'ದಿ' ಇಲ್ಲವಲ್ಲ. 'ದಿ' ಒಂದೇ ಇದ್ದರೆ ಎರಡೂ ಹುದ್ದೆ ಒಬ್ಬರದೇ. 'ದಿ ಸೆಕ್ರೆಟರಿ ಅಂಡ್ ದಿ ಟ್ರೆಷರರ್' ಅಂತ ಎರಡು 'ದಿ' ಇದ್ದರೆ ಇಬ್ಬರು, 'ಆರ್'.

ಈಗ ಒಂದು ಪ್ರಶ್ನೆಯನ್ನು ಪೂರ್ತಿ ಬಿಡಿಸೋಣ. ತಪ್ಪಿರುವ ಭಾಗ ಗುರುತಿಸಿ: 'ದಿ ಕ್ವಾಲಿಟಿ ಆಫ್ ದಿ ಮ್ಯಾಂಗೋಸ್ / ದಟ್ ವರ್ ಸೆಂಟ್ ಫ್ರಮ್ ಶ್ರೀನಿವಾಸಪುರ / ಟು ದಿ ಜ್ಯೂಸ್ ಫ್ಯಾಕ್ಟರೀಸ್ / ವರ್ ನಾಟ್ ಗುಡ್ / ನೋ ಎರರ್.' ಆಪ್ಷನ್ ನೋಡುವ ಮುಂಚೆ ವರ್ಬ್‌ಗಳಿಗೆ ಅಡಿಗೆರೆ ಎಳೆಯಿರಿ. ಎರಡು 'ವರ್' ಇವೆ. ಒಂದೊಂದನ್ನೂ ಕೇಳಿ. ಕಳಿಸಿದ್ದು ಏನು? ಮಾವಿನಹಣ್ಣು. ಇಂಗ್ಲಿಷ್‌ನಲ್ಲಿ ಎಣಿಸಿ: 'ಮ್ಯಾಂಗೋಸ್', ಬಹುವಚನ. ಮೊದಲ 'ವರ್' ಸರಿ. ಚೆನ್ನಾಗಿಲ್ಲದ್ದು ಏನು? ಗುಣಮಟ್ಟ. 'ಕ್ವಾಲಿಟಿ', ಏಕವಚನ. ಎರಡನೇ 'ವರ್' ತಪ್ಪು, 'ವಾಸ್' ಆಗಬೇಕು. ತಪ್ಪು ನಾಲ್ಕನೇ ಭಾಗದಲ್ಲಿ. ಅವಸರದಲ್ಲಿ ಓದುವವರು ಮೊದಲ 'ವರ್' ಸರಿ ಅಂತ ಕಂಡ ಮೇಲೆ ಎರಡನೆಯದನ್ನೂ ಅದರ ಜೊತೆಗೇ ಒಪ್ಪಿಕೊಂಡು 'ನೋ ಎರರ್'ಗೆ ಗುರುತು ಹಾಕುತ್ತಾರೆ. ಅದಕ್ಕೇ ಪ್ರತಿ ವರ್ಬ್‌ಗೂ ಬೇರೆಯಾಗಿ ಕೇಳಬೇಕು ಅಂತ ನಾನು ಒತ್ತಿ ಹೇಳುವುದು.

ಅಭ್ಯಾಸಕ್ಕೆ ಹೊಸ ಗೈಡ್ ಕೊಳ್ಳಬೇಡಿ. ಹಳೆಯ ಪ್ರಶ್ನೆಪತ್ರಿಕೆಗಳನ್ನೇ ತೆಗೆದುಕೊಳ್ಳಿ. ದಿನಕ್ಕೆ ಹತ್ತು ವಾಕ್ಯ ಸಾಕು. ಉತ್ತರ ಬರೆದರಷ್ಟೇ ಸಾಲದು, ಪ್ರತಿ ವರ್ಬ್ ಪಕ್ಕ ಅದರ ಸಬ್ಜೆಕ್ಟ್ ಯಾವುದು ಅಂತ ಒಂದು ಪದ ಬರೆದಿಡಿ. ತಪ್ಪಾದಾಗ ಯಾಕೆ ತಪ್ಪಿತು ಅಂತ ನೋಡಿ. ಸಬ್ಜೆಕ್ಟ್ ತಪ್ಪು ಹಿಡಿದಿರಾ, ಸಬ್ಜೆಕ್ಟ್ ಸರಿಯಿದ್ದು ಎಣಿಕೆ ತಪ್ಪಿತಾ, ಅಥವಾ 'ನ್ಯೂಸ್' ಥರದ ಪದ ಗೊತ್ತಿರಲಿಲ್ವಾ? ಮೂರಕ್ಕೂ ಮದ್ದು ಬೇರೆ. ಮೊದಲನೆಯದಕ್ಕೆ ಕನ್ನಡದಲ್ಲಿ ಕೇಳಿಕೊಳ್ಳುವುದು, ಎರಡನೆಯದಕ್ಕೆ ಸಂಖ್ಯೆ ಮತ್ತು ಮರ್ಯಾದೆಯ ಎರಡು ಅಭ್ಯಾಸಗಳ ಮೇಲೆ ಕಣ್ಣಿಡುವುದು, ಮೂರನೆಯದಕ್ಕೆ ಪಟ್ಟಿ ಓದುವುದು. ನೀವು ಇಷ್ಟು ದಿನ ಮೂರಕ್ಕೂ ಪಟ್ಟಿಯನ್ನೇ ಓದಿದ್ದೀರಿ ಅಂತ ನನಗನ್ನಿಸುತ್ತದೆ.

ಪರೀಕ್ಷೆಯಲ್ಲಿ ಪ್ರತಿ ವಾಕ್ಯವನ್ನೂ ಕನ್ನಡಕ್ಕೆ ತಿರುಗಿಸುತ್ತಾ ಕೂತರೆ ಟೈಮ್ ಹೋಗಲ್ವಾ ಅಂತ ಕೇಳಬಹುದು. ಪೂರ್ತಿ ತಿರುಗಿಸಬೇಕಾಗಿಲ್ಲ. 'ಬಿದ್ದದ್ದು ಏನು?', 'ಬಂದದ್ದು ಯಾರು?' ಅನ್ನೋ ಒಂದೇ ಪ್ರಶ್ನೆ ಮನಸ್ಸಿನಲ್ಲಿ ಕೇಳಿಕೊಂಡರೆ ಸಾಕು, ಕೆಲವೇ ಸೆಕೆಂಡಿನ ಕೆಲಸ. ಅಭ್ಯಾಸ ಆದಮೇಲೆ ಕೇಳಿಕೊಳ್ಳುವ ಮುಂಚೆಯೇ ಕಣ್ಣು ಆ ಪದದ ಮೇಲೆ ಹೋಗುತ್ತದೆ.

ಇವತ್ತೇ ಶುರು ಮಾಡಲು ಎರಡು ಕೊಡುತ್ತೇನೆ. 'ದಿ ಡಿಮ್ಯಾಂಡ್ ಫಾರ್ ಸಿಲ್ಕ್ ಸ್ಯಾರೀಸ್ (ಇಸ್ / ಆರ್) ಹೈ.' 'ಹಾಫ್ ಆಫ್ ದಿ ಕುಕೂನ್ಸ್ ಸೋಲ್ಡ್ ಇನ್ ಶಿಡ್ಲಘಟ್ಟ (ವಾಸ್ / ವರ್) ವೈಟ್.' ಮೊದಲನೆಯದಕ್ಕೆ 'ಇಸ್', ಹೆಚ್ಚಿರೋದು ಬೇಡಿಕೆ. ಎರಡನೆಯದಕ್ಕೆ 'ವರ್', 'ಹಾಫ್' ಅಳತೆಯ ಪದ, ಅಳೆದದ್ದು ಗೂಡುಗಳನ್ನು. 'ಸೋಲ್ಡ್' ಅಲ್ಲಿ ವರ್ಬ್ ಥರ ಕಂಡರೂ ಅದು ಗೂಡಿನ ವಿವರಣೆ, 'ಮಾರಿದ ಗೂಡು' ಅನ್ನೋ ಹಾಗೆ. ಅದಕ್ಕೆ ಅಡಿಗೆರೆ ಎಳೆದಿದ್ದರೆ ಅಳಿಸಿ.